ಕರೇಬಂಡಿಯ ಇಬ್ಬರು ಹೆಚ್ಚುವರಿ ನೌಕರರು

ಗುರುಸಿದ್ದ ಬಾಗಿಲ ಬೆಳಕಿಗೆ ಕುಳಿತು, ತಲೆಪಿನ್ನಿನ ಮೊನೆಯಿಂದ ಅಂಚೆ ಮುದ್ರೆಯ ತಾರೀಖು ಬದಲಿಸುತ್ತಿದ್ದ. ನಿನ್ನೆಯ ಅಂಕಿಯನ್ನು ಮೆಲ್ಲಗೆ ಎಬ್ಬಿಸಬೇಕು, ಇವತ್ತಿನದನ್ನು ಆ ಗುಳಿಯಲ್ಲಿ ಕೂಡಿಸಬೇಕು, ಅಲ್ಲಿಯವರೆಗೆ ಉಸಿರು ಬಿಡಬಾರದು. ಒಮ್ಮೆ ಈ ಕೆಲಸದ ನಡುವೆ ಕೆಮ್ಮು ಬಂದು, ಏಳು ಎಂಬ ಅಂಕಿ ಹಾರಿ ಆಡು ಕಟ್ಟಿದ ಕಡೆ ಬಿತ್ತು. ಹುಡುಕಲು ಹೋದಾಗ ಆಡು ಏನನ್ನೋ ಅಗಿಯುತ್ತಿತ್ತು. ಅಂದಿನಿಂದ ಕರೇಬಂಡಿಯಲ್ಲಿ ಏಳು, ಹದಿನೇಳು, ಇಪ್ಪತ್ತೇಳನೇ ತಾರೀಖುಗಳನ್ನು ಪೆನ್ನಿನಿಂದ ಬರೆಯುತ್ತಾರೆ.

ಹೆಂಡತಿ ಬಂಡೆಮ್ಮ ಬಿಚ್ಚಿದ ತುರುಬನ್ನು ಒಂದು ಕೈಯಲ್ಲಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಪಿನ್ನು ಅವಳದು. ತಾರೀಖು ಕೂತಿತು, ಪಿನ್ನು ತಲೆಗೆ ಹೋಯಿತು, ಅಂಚೆ ಕಚೇರಿ ತೆರೆಯಿತು.

ಕಚೇರಿ ಎಂದರೆ ಗುರುಸಿದ್ದನ ಮನೆಯ ಪಡಸಾಲೆಯೇ. ಒಂದು ಮೇಜು, ಒಂದು ಕುರ್ಚಿ, ಒಂದು ಬೆಂಚು. ಮೊದಲು ಅಲ್ಲಿ ಮೂವರು ಇದ್ದರು. ಕುರ್ಚಿಯಲ್ಲಿ ಪೋಸ್ಟ್‌ಮಾಸ್ಟರ್ ಗುರುಸಿದ್ದ, ಬೆಂಚಿನ ಮೇಲೆ ದೇವದುರ್ಗದ ಬಸ್ಸಿಗೆ ಚೀಲ ಒಯ್ಯುವವನೊಬ್ಬ, ಮನೆಮನೆಗೆ ಹಂಚುವವನೊಬ್ಬ. ಆರು ವರ್ಷದ ಹಿಂದೆ ಚೀಲದವನು ನಿವೃತ್ತನಾದ, ನಾಲ್ಕು ವರ್ಷದ ಹಿಂದೆ ಹಂಚುವವನು. ಎರಡು ಸಲವೂ ಮೇಲಿನಿಂದ ಒಂದೇ ಕಾಗದ ಬಂತು: ‘ಮುಂದಿನ ಆದೇಶದವರೆಗೆ ಈ ಕೆಲಸವನ್ನೂ ತಾವೇ ನೋಡಿಕೊಳ್ಳತಕ್ಕದ್ದು.’ ಮುಂದಿನ ಆದೇಶ ಇನ್ನೂ ದಾರಿಯಲ್ಲಿದೆ.

ಗುರುಸಿದ್ದ ನಿಯಮದ ಮನುಷ್ಯ. ಒಬ್ಬನೇ ಇದ್ದರೂ ಮೂವರಂತೆ ನಡೆದುಕೊಳ್ಳುತ್ತಿದ್ದ. ಕುರ್ಚಿಯಲ್ಲಿ ಕುಳಿತು ಚೀಲ ಕಟ್ಟಿ ಮೇಜಿನ ಮೇಲಿಡುತ್ತಿದ್ದ. ಎದ್ದು, ಮೇಜು ಸುತ್ತಿ ಆಚೆ ಬಂದು, ಅದೇ ಚೀಲವನ್ನು ಎರಡೂ ಕೈಯಿಂದ ತೆಗೆದುಕೊಳ್ಳುತ್ತಿದ್ದ. ಬಂಡೆಮ್ಮ ಇದನ್ನು ದಿನವೂ ನೋಡುತ್ತಿದ್ದಳು. ಒಂದು ದಿನ ಮಾತ್ರ, “ಅವನಿಗೊಂದು ನಮಸ್ಕಾರನೂ ಮಾಡಿಬಿಡ್ರಿ, ಪಾಪ,” ಎಂದಿದ್ದಳು.

ಸಮಸ್ಯೆ ಮೊಣಕಾಲಿನದು. ಎಡ ಮೊಣಕಾಲು ಸೈಕಲ್ ತುಳಿದು ತುಳಿದು ಮಾಗಿದ ಪಪ್ಪಾಯಿಯಂತೆ ಊದಿತ್ತು. ರಾಯಚೂರಿನ ಡಾಕ್ಟರು ಸೂಜಿ ಚುಚ್ಚಿ ನೀರು ತೆಗೆಯಬೇಕು, ಆಮೇಲೆ ಹತ್ತು ದಿನ ಕಾಲು ನೆಲಕ್ಕೆ ಊರಬಾರದು ಎಂದಿದ್ದರು. ಹತ್ತು ದಿನ ರಜೆ ಕೊಡಿ, ಬದಲಿಗೆ ಒಬ್ಬ ಮನುಷ್ಯನನ್ನು ಕಳಿಸಿ ಎಂದು ಗುರುಸಿದ್ದ ಒಂಬತ್ತು ಅರ್ಜಿ ಹಾಕಿದ್ದ. ಒಂಬತ್ತಕ್ಕೂ ಬಂದ ಉತ್ತರ ಒಂದೇ: ಬದಲಿಗೆ ಒಬ್ಬನನ್ನು ನೀವೇ ತೋರಿಸಿ, ರಜೆ ತೆಗೆದುಕೊಳ್ಳಿ. ಬದಲಿಯವನು ಹತ್ತನೇ ತರಗತಿ ಪಾಸಾಗಿರಬೇಕು. ಕರೇಬಂಡಿಯಲ್ಲಿ ಹತ್ತನೇ ಪಾಸಾದವರು ಐವರಿದ್ದರು. ಐವರೂ ದಿನಕ್ಕೆ ಹನ್ನೊಂದು ಕಿಲೋಮೀಟರ್ ಸೈಕಲ್ ತುಳಿಯುವುದನ್ನು ಕೇಳಿ, ತಾವು ಪಾಸಾದದ್ದೇ ಅನುಮಾನ ಎಂದುಬಿಟ್ಟರು.

ಹೀಗಿರುವಾಗ ಒಂದು ಬುಧವಾರ, ಇಲಾಖೆಯ ಮೊಬೈಲಿಗೆ ಒಂದು ಫಾರಂ ಬಂತು. ಯಾವ ಕಚೇರಿಯಲ್ಲಿ ಎಷ್ಟು ಕೆಲಸ, ಎಷ್ಟು ಜನ ಎಂದು ಅಳೆಯುವ ಫಾರಂ. ಸಂಜೆ ಐದರೊಳಗೆ ತುಂಬಿ ಕಳಿಸಬೇಕು. ಊರಲ್ಲಿ ನೆಟ್‌ವರ್ಕ್ ಸಿಗುವುದು ಪರಮಣ್ಣನ ಚಹಾದಂಗಡಿಯ ಕಟ್ಟೆಯ ಮೇಲೆ, ಅದೂ ಪಡುವಣ ಮೂಲೆಯಲ್ಲಿ. ಗುರುಸಿದ್ದ ಅಲ್ಲಿಗೆ ಹೋಗಿ ನಿಂತ. ಸರಕಾರಿ ಗುಟ್ಟು ಎಂಬುದು ಆ ಮೂಲೆಯಲ್ಲಿ ಉಳಿಯುವುದಿಲ್ಲ, ಚಹಾ ಕುಡಿಯುವವರೆಲ್ಲ ಮೊಬೈಲಿನೊಳಗೆ ತಲೆ ಹಾಕಿದರು.

ಫಾರಂನಲ್ಲಿ ಮೂರು ಮನೆಗಳಿದ್ದವು. ಚೀಲ ಕೊಡುವವರ ಹೆಸರು. ಚೀಲ ಒಯ್ಯುವವರ ಹೆಸರು. ಹಂಚುವವರ ಹೆಸರು. ಗುರುಸಿದ್ದ ಮೊದಲನೆಯದರಲ್ಲಿ ಗುರುಸಿದ್ದ ಎಂದು ಒತ್ತಿದ. ಎರಡನೆಯದರಲ್ಲೂ ಗುರುಸಿದ್ದ ಎಂದ ಕೂಡಲೇ ಮೊಬೈಲು ಕೆಂಪಗಾಯಿತು: ‘ಈ ಹೆಸರು ಈಗಾಗಲೇ ಇದೆ.’

“ಖಾಲಿ ಬಿಡ್ರಿ ಮಾಸ್ತರ,” ಎಂದ ಪರಮಣ್ಣ.

ಖಾಲಿ ಬಿಟ್ಟರೂ ಕೆಂಪು. ನಾಲ್ಕೂ ಮುಕ್ಕಾಲಾಗಿತ್ತು. ಗುರುಸಿದ್ದ ದೇವದುರ್ಗದ ಕಡೆಯ ಇನ್‌ಸ್ಪೆಕ್ಟರ್ ತಹಸೀನ್ ಮೇಡಂಗೆ ಫೋನು ಹಚ್ಚಿದ. ಮೇಡಂಗೂ ಕಷ್ಟವೇ. ಇಬ್ಬರು ಇನ್‌ಸ್ಪೆಕ್ಟರುಗಳ ಜಾಗ ಖಾಲಿ ಬಿದ್ದು, ಮೂರು ಭಾಗದ ಕೆಲಸ ಅವರ ತಲೆಯ ಮೇಲಿತ್ತು.

“ಮೇಡಂ, ಮೂರು ಹೆಸರು ಕೇಳಾಕತ್ತದ್ರಿ.”

“ಕೇಳಿದ್ರ ಕೊಡ್ರಿ ಗುರುಸಿದ್ದ! ನೂರಾ ನಲವತ್ತು ಕಚೇರಿ ಅದಾವ ನನಗ. ಎಲ್ಲಾರೂ ಇದನ್ನ ಕೇಳಾಕತ್ತೀರಿ. ಖರೇ ಹೆಸರು ಹಾಕ್ರಿ, ಜಲ್ದಿ ಕಳಸ್ರಿ, ಖತಂ ಮಾಡ್ರಿ.”

ಫೋನು ಕಟ್ಟಾಯಿತು. ಖರೇ ಹೆಸರು ಹಾಕಬೇಕು. ಮೂರು ಬೇಕು.

ಇಲ್ಲಿ ಒಂದು ಮಾತು ಹೇಳಬೇಕು. ಗುರುಸಿದ್ದನಿಗೆ ಖರೇ ಹೆಸರುಗಳೇ ಮೂರಿದ್ದವು. ತೊಟ್ಟಿಲಲ್ಲಿ ಇಟ್ಟದ್ದು ಬಸವಲಿಂಗ, ಅಜ್ಜನ ಹೆಸರು. ಆದರೆ ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವುದುಂಟೇ? ಅವನ ತಾಯಿ ಮಗನನ್ನು ಒಮ್ಮೆಯೂ ಹಾಗೆ ಕರೆಯದೆ, ದೊಡ್ಡಪ್ಪ ಎಂದು ಕರೆದಳು. ಸಾಲೆಗೆ ಸೇರಿಸಲು ಹೋದಾಗ, ಅಲ್ಲಿ ಬಸವಲಿಂಗ ಎಂಬುವರು ಮೂವರು, ದೊಡ್ಡಪ್ಪ ಎಂಬುವರು ಇಬ್ಬರು ಇದ್ದರು. ಮಾಸ್ತರು ಬೇಸತ್ತು ಗುರುಸಿದ್ದ ಎಂದು ಬರೆದುಕೊಂಡರು. ಮೂರೂ ಅವನವೇ. ಒಂದೂ ಸುಳ್ಳಲ್ಲ.

ಗುರುಸಿದ್ದ ಎರಡನೆಯ ಮನೆಯಲ್ಲಿ ಬಸವಲಿಂಗ ಎಂದೂ ಮೂರನೆಯದರಲ್ಲಿ ದೊಡ್ಡಪ್ಪ ಎಂದೂ ಒತ್ತಿದ. ಮೊಬೈಲು ಹಸಿರಾಯಿತು. ಕಟ್ಟೆಯ ಮೇಲಿದ್ದವರೆಲ್ಲ ಉಸಿರು ಬಿಟ್ಟರು. ಪರಮಣ್ಣ ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಕೊಟ್ಟ.

ಎರಡು ತಿಂಗಳಾದ ಮೇಲೆ ಚೀಲದಲ್ಲಿ ಮೂರು ರಿಜಿಸ್ಟರ್ ಲಕೋಟೆಗಳು ಬಂದವು. ಬಸ್ಸಿನಿಂದ ಚೀಲ ತಂದವನು ಗುರುಸಿದ್ದ. ಬಿಚ್ಚಿ ಮುದ್ರೆ ಹೊಡೆದವನು ಗುರುಸಿದ್ದ. ಹಂಚಲು ಹೊರಟು, ಅಂಗಳ ದಾಟಿ, ವಾಪಸು ಬಂದು ತನ್ನದೇ ಬಾಗಿಲು ತಟ್ಟಿದವನೂ ಅವನೇ. ಮೂರು ಸಹಿ ಮಾಡಿ ಮೂರನ್ನೂ ತೆಗೆದುಕೊಂಡ.

‘ಕೆಲಸದ ಹೊರೆ ಅಳೆಯಲಾಗಿ, ದಿನಕ್ಕೆ ಹನ್ನೊಂದು ಪತ್ರಗಳಿಗೆ ಮೂವರು ನೌಕರರು ಇರುವುದು ಕಂಡುಬಂದಿರುತ್ತದೆ. ಸದರಿ ಶಾಖೆಗೆ ಒಬ್ಬರು ಸಾಕು. ಹೆಚ್ಚುವರಿ ನೌಕರರಾದ ಶ್ರೀ ಬಸವಲಿಂಗ ಇವರು ರಾಯಚೂರಿನಲ್ಲಿಯೂ, ಶ್ರೀ ದೊಡ್ಡಪ್ಪ ಇವರು ಮಾನ್ವಿಯಲ್ಲಿಯೂ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಾಜರಾಗತಕ್ಕದ್ದು. ಶ್ರೀ ಗುರುಸಿದ್ದ ಇವರು ಇದ್ದಲ್ಲೇ ಇರತಕ್ಕದ್ದು. ತಪ್ಪಿದಲ್ಲಿ ನೌಕರಿಗೆ ಕುತ್ತು ಬರುತ್ತದೆ.’

ಕೊನೆಯ ಸಾಲು ಮೂರರಲ್ಲೂ ಇತ್ತು. ಮೊಣಕಾಲಿಗೆಂದು ಒಬ್ಬ ಮನುಷ್ಯನನ್ನು ಕೇಳಿದವನಿಗೆ, ಈಗ ಇದ್ದ ನೌಕರಿಯನ್ನೇ ಮೂರು ಊರಲ್ಲಿ ಉಳಿಸಿಕೊಳ್ಳುವ ಪಾಡು ಬಂತು.

ಆ ಹೊತ್ತಿಗೆ ಬಂಡೆಮ್ಮನ ತಮ್ಮ ಪಂಪಾಪತಿ ಕಲ್ಲೂರಿನಿಂದ ಬಂದಿದ್ದ. ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಗಿರಣಿಯ ಸದ್ದಿಗೆ ಹೊಂದಿಕೊಂಡು ಯಾವಾಗಲೂ ಕೂಗಿಯೇ ಮಾತಾಡುತ್ತಿದ್ದ.

“ಇದರಾಗ ಹೆದರೂದು ಏನದ ಮಾವಾ? ಖುದ್ದು ಹೋಗ್ರಿ. ‘ನಾ ಒಬ್ಬನ ಅದೀನಿ’ ಅಂತ ಮಾರಿ ತೋರಸ್ರಿ. ಕಣ್ಣೀಲೆ ನೋಡಿದ ಮ್ಯಾಲ ಯಾರು ಇಲ್ಲ ಅಂತಾರ? ಅಲ್ಲೇ ಕುಂತು ಒಬ್ಬ ಮನಷ್ಯಾನ್ನೂ ಕೇಳಿಬಿಡ್ರಿ!”

ಪಂಪಾಪತಿ ಕೂಗಿದ್ದರಿಂದ ಊರಿಗೆಲ್ಲ ಸುದ್ದಿಯಾಯಿತು. ಮಾಸ್ತರಿಗೆ ವರ್ಗ ಎಂದರು ಕೆಲವರು. ಒಂದಲ್ಲ, ಎರಡು ವರ್ಗ ಎಂದರು ಇನ್ನು ಕೆಲವರು. ರವಿವಾರ ಸಂಜೆ ಪರಮಣ್ಣನ ಕಟ್ಟೆಯ ಮೇಲೆ ಬೀಳ್ಕೊಡುಗೆ ನಡೆಯಿತು. ವರ್ಗವಾದವರು ಇಬ್ಬರಾದರೂ ಕೊರಳು ಒಂದೇ ಇದ್ದುದರಿಂದ ಪರಮಣ್ಣ ಒಂದೇ ಹಾರ ತಂದಿದ್ದ. ಪಂಪಾಪತಿ, ಹೊರಟ ಇಬ್ಬರ ಸೇವೆಯನ್ನು ಹೊಗಳಿ, ಉಳಿದ ಒಬ್ಬರಿಗೆ ಧೈರ್ಯ ಹೇಳಿ ಕುಳಿತ. ಮುದುಕಿ ಬಸವಂತಮ್ಮ ಮಾತ್ರ ಹಾರ ಹಾಕಿಕೊಂಡವನ ಎದುರು ಬಂದು, “ಹೋಗೂದಿದ್ರ ಹೋಗು ಯಪ್ಪಾ. ನನ್ನ ಮೊಮ್ಮಗಳು ಅನುರಾಧಾಂದು ಆಧಾರ್ ಕಾರ್ಡು ಮೊದಲ ಕೊಟ್ಟು ಹೋಗು,” ಎಂದಳು.

ಸೋಮವಾರ ಗುರುಸಿದ್ದ ಮೊದಲ ಬಸ್ಸಿಗೆ ರಾಯಚೂರಿಗೆ ಹೋದ. ಕಚೇರಿಯಲ್ಲಿ ಎಂಟು ಕುರ್ಚಿ ಇದ್ದವು, ಏಳು ಖಾಲಿ. ಎಂಟನೆಯದರಲ್ಲಿ ಸವಿತಾ ಎಂಬ ಗುಮಾಸ್ತೆ ಒಂದು ಕಿವಿಗೆ ಒಂದು ಫೋನು, ಇನ್ನೊಂದು ಕಿವಿಗೆ ಇನ್ನೊಂದು ಫೋನು ಹಿಡಿದು, ಇಬ್ಬರಿಗೂ ‘ನಾಳೆ’ ಎನ್ನುತ್ತಿದ್ದಳು.

“ನಾನು ಕರೇಬಂಡಿಯಿಂದ ಬಂದೀನ್ರಿ,” ಎಂದ ಗುರುಸಿದ್ದ.

ಸವಿತಾ ಎರಡೂ ಫೋನು ಕೆಳಗಿಟ್ಟಳು. ಕಣ್ಣಲ್ಲಿ ನೀರು ಬಂತು. “ಬಸವಲಿಂಗ ಅವರಾ? ಖರೇನ ಬಂದ್ರಾ? ಎರಡು ವರ್ಷದಾಗ ಆರು ಮಂದಿ ಹೆಸರು ಕಳಿಸ್ಯಾರ್ರಿ ಮ್ಯಾಲಿಂದ, ಒಬ್ಬರೂ ಬಂದಿಲ್ಲ! ಇಲ್ಲಿ ಸಹಿ ಮಾಡ್ರಿ.”

“ಇಲ್ರಿ, ವಿಷಯ ಏನಂದ್ರ, ನಾ ಬಸವಲಿಂಗ ಹೌದು, ಆದ್ರ ಬಸವಲಿಂಗ ಅಂಬಾಂವ…”

“ಆಮ್ಯಾಲ ಹೇಳ್ರಿ ಯಣ್ಣಾ, ಕೈ ಮುಗಿತೀನಿ. ಮೊದಲ ಈ ಎರಡು ಓಣಿ ಮುಗಿಸಿ ಬರ್ರಿ.”

ಕೈಗೆ ಬಂದ ಕಟ್ಟು ಎಂಟು ದಿನದ್ದು. ಗುರುಸಿದ್ದ ಸಂಜೆಯವರೆಗೆ ರಾಯಚೂರಿನ ಬಿಸಿಲಲ್ಲಿ ಕುಂಟುತ್ತ ಹಂಚಿದ. ತಿರುಗಿ ಬಂದಾಗ ಕಚೇರಿಗೆ ಬೀಗ. ವಿಷಯ ಹೇಳುವುದು ಉಳಿಯಿತು.

ಮಂಗಳವಾರ ಮಾನ್ವಿ. ಅಲ್ಲಿ ಜಿಲಾನಿ ಪಾಷಾ ಎಂಬ ಹಿರಿಯರು ಒಬ್ಬರೇ ಕುಳಿತಿದ್ದರು. ಗುರುಸಿದ್ದನನ್ನು ಕಂಡದ್ದೇ ಎದ್ದು ಬಂದು ತಬ್ಬಿಕೊಂಡರು.

“ಆವೋ ದೊಡ್ಡಪ್ಪಾ! ಹದಿನಾಲ್ಕು ತಿಂಗಳ ಆತು ನಾ ಮಧ್ಯಾಹ್ನದ ಊಟ ಕುಂತು ಮಾಡಿ. ನಿಂತು ಮಾಡೀನಿ, ಅಡ್ಡಾಡಿ ಮಾಡೀನಿ. ಈ ಸೀಟಿನ ಮ್ಯಾಲ ಕುಂದ್ರು. ನಾ ಉಂಡು ಬರ್ತೀನಿ.”

“ಸಾಹೇಬ್ರ, ನಾ ದೊಡ್ಡಪ್ಪ ಅಲ್ರಿ. ಅಂದ್ರ, ಹೌದ್ರಿ. ಆದ್ರ…”

“ಉಂಡು ಬಂದ ಮ್ಯಾಲ!”

ಅವರು ಉಂಡು, ಮನೆಯಲ್ಲೇ ಒರಗಿ, ಹದಿನಾಲ್ಕು ತಿಂಗಳ ನಿದ್ದೆಯಲ್ಲಿ ಸ್ವಲ್ಪವನ್ನು ತೀರಿಸಿಕೊಂಡು ನಾಲ್ಕೂವರೆಗೆ ಬಂದರು. ಆ ಮುಖದಲ್ಲಿದ್ದ ಸುಖ ಕಂಡು ಗುರುಸಿದ್ದನಿಗೆ ಬಾಯಿ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಬಸ್ಸು ಹತ್ತಿದ.

ಬುಧವಾರ ಕರೇಬಂಡಿ. ಗುರುವಾರ ವಿಷಯ ಹೇಳಿಯೇ ಬಿಡಬೇಕೆಂದು ಮತ್ತೆ ರಾಯಚೂರಿಗೆ ಹೊರಟ. ಸಿರವಾರದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಇಲಾಖೆಯ ಮೊಬೈಲು ಮನೆಯಲ್ಲೇ ಉಳಿದಿತ್ತು. ಮೇಲಿನಿಂದ ಫೋನು ಬಂದೀತೆಂದು ಬಂಡೆಮ್ಮ ಅದನ್ನು ಪರಮಣ್ಣನ ಕಟ್ಟೆಯ ಪಡುವಣ ಮೂಲೆಗೆ ಒಯ್ದಿದ್ದಳು, ಹನ್ನೊಂದಕ್ಕೆ ಅದು ಸದ್ದು ಮಾಡಿತು.

“ಹಲೋ, ಬಸವಲಿಂಗ ಅವರು ಅದಾರೇನ್ರಿ?” ಸವಿತಾಳ ದನಿ.

ಆ ಹೆಸರು ಕೇಳಿ ಬಂಡೆಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆ ಹೆಸರಿಗೆ ಅವಳ ಕಣ್ಣ ಮುಂದೆ ಬಂದದ್ದು ಮನೆಯ ಗೋಡೆಯ ಮೇಲಿನ ಫೋಟೋದವರು, ಗಂಡನ ಅಜ್ಜ. “ಅಯ್ಯ ಶಿವನ, ಅವರೆಲ್ಲಿ ಅದಾರ್ರಿ? ಹೋಗಿ ನಲವತ್ತು ವರ್ಷ ಆತು.”

“ಹೋಗಿ ಅಂದ್ರ? ತೀರಿಕೊಂಡು? ಸೋಮವಾರ ನಮ್ಮಲ್ಲಿ ಬಂದಿದ್ರಲ್ರಿ!”

ಬಂಡೆಮ್ಮ ಫೋನು ಇಟ್ಟು, ಮನೆಗೆ ಬಂದು ಕೈಕಾಲು ತೊಳೆದು, ಅಜ್ಜನ ಫೋಟೋದ ಮುಂದೆ ಊದಿನಕಡ್ಡಿ ಹಚ್ಚಿದಳು. ಅತ್ತ ಸವಿತಾ ಸತ್ಯವನ್ನೇ ಬರೆದು ಮೇಲಕ್ಕೆ ಕಳಿಸಿದಳು: ‘ಸದರಿ ನೌಕರರು ನಲವತ್ತು ವರ್ಷಗಳ ಹಿಂದೆ ಮರಣ ಹೊಂದಿರುವುದಾಗಿ ತಿಳಿದುಬಂದಿದೆ. ಆದರೂ ಸೋಮವಾರ ಒಂದು ದಿನ ತೃಪ್ತಿಕರವಾಗಿ ಕೆಲಸ ಮಾಡಿರುತ್ತಾರೆ.’

ಶುಕ್ರವಾರ ಮಾನ್ವಿ, ಶನಿವಾರ ಕರೇಬಂಡಿ. ಮುಂದಿನ ವಾರ ಚೀಲದಲ್ಲಿ ಮತ್ತೆ ಮೂರು ರಿಜಿಸ್ಟರ್. ಬಸವಲಿಂಗ ವಾರದಲ್ಲಿ ಐದು ದಿನ ಗೈರು. ದೊಡ್ಡಪ್ಪ ನಾಲ್ಕು ದಿನ ಗೈರು. ಗುರುಸಿದ್ದ ನಾಲ್ಕು ದಿನ ಕಚೇರಿ ಮುಚ್ಚಿದ್ದ ಎಂದು ಬಸವಂತಮ್ಮ ಹೆಬ್ಬೆಟ್ಟು ಒತ್ತಿ ದೂರು ಕೊಟ್ಟಿದ್ದಳು. ಆ ದೂರನ್ನು ಚೀಲದಲ್ಲಿ ಹಾಕಿ ಕಳಿಸಿದವನೂ ಗುರುಸಿದ್ದನೇ. ಕೊನೆಗೊಂದು ಸಾಲು: ಇನ್‌ಸ್ಪೆಕ್ಟರ್ ಖುದ್ದು ಬಂದು ವಿಚಾರಣೆ ಮಾಡುತ್ತಾರೆ, ಮೂವರೂ ಹಾಜರಿರತಕ್ಕದ್ದು.

ತಹಸೀನ್ ಮೇಡಂ ಗೂಗಲ್ ಎಂಬ ಊರಿಗೆ ಹೋಗುವ ಬಸ್ಸಿನಲ್ಲಿ ಬಂದಿಳಿದರು. ಜೀಪು ಇತ್ತು, ಡ್ರೈವರನ ಹುದ್ದೆ ಹೋಗಿತ್ತು. ಬಗಲಲ್ಲಿ ಮೂರು ಫೈಲು, ಕಣ್ಣ ಕೆಳಗೆ ಕಪ್ಪು. ಬೆಂಚಿನ ಮೇಲೆ ಕುಳಿತು ಒಂದು ತಂಬಿಗೆ ನೀರು ಪೂರಾ ಕುಡಿದರು. ಪಂಪಾಪತಿ ಕಲ್ಲೂರಿನಿಂದ ಇದಕ್ಕೆಂದೇ ಬಂದಿದ್ದ. ಪರಮಣ್ಣ ಅಂಗಡಿ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದ.

“ಗುರುಸಿದ್ದ?”

“ಇದ್ದೀನ್ರಿ.”

“ಬಸವಲಿಂಗ?”

“ಇದ್ದೀನ್ರಿ.”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಮೂರನೆಯ ಹೆಸರನ್ನು ಕರೆಯಲಿಲ್ಲ. ಗುರುಸಿದ್ದ ಎಲ್ಲವನ್ನೂ ಹೇಳಿದ. ತೊಟ್ಟಿಲು, ತಾಯಿ, ಸಾಲೆ ಮಾಸ್ತರು, ಕೆಂಪು, ಹಸಿರು. ಮೇಡಂ ಅಷ್ಟನ್ನೂ ಕೇಳಿದರು. ಹತ್ತು ದಿನದಲ್ಲಿ ಅವನ ಮಾತು ಪೂರ್ತಿ ಕೇಳಿದವರು ಅವರೊಬ್ಬರೇ.

“ಸಾಕ್ಷಿ ಯಾರು?”

“ನಾವೆಲ್ಲಾ ಅದೀವಲ್ರಿ,” ಎಂದ ಪರಮಣ್ಣ.

“ಇವರ ತೊಟ್ಟಿಲ ಹೆಸರು ನಿಮಗ ಗೊತ್ತದೇನು?”

ಪರಮಣ್ಣ ತಲೆ ಕೆರೆದುಕೊಂಡ. “ಮೂವತ್ತು ವರ್ಷದಿಂದ ಮಾಸ್ತರ ಅಂತೀವ್ರಿ. ಹೆಸರು ಯಾರಿಗೆ ಬೇಕಾಗಿತ್ತು?”

“ನನಗ ಮಾವ ಅಷ್ಟ ಗೊತ್ರಿ!” ಎಂದು ಕೂಗಿದ ಪಂಪಾಪತಿ.

ಉಳಿದವಳು ಬಂಡೆಮ್ಮ. ಅತ್ತೆ ಕರೆಯುತ್ತಿದ್ದದ್ದು ಅವಳಿಗೆ ಗೊತ್ತು, ಫೋಟೋದಲ್ಲಿದ್ದವರು ಗೊತ್ತು, ಮದುವೆ ಕಾಗದದ ಮೇಲಿದ್ದದ್ದೂ ಗೊತ್ತು. ಮೇಡಂ ಮೆತ್ತಗೆ ಕೇಳಿದರು. “ಹೇಳವ್ವಾ. ಈ ನಿನ್ನ ಗಂಡನ ಹೆಸರು ಏನೇನು?”

ಬಂಡೆಮ್ಮ ನೆಲ ನೋಡಿದಳು. ಒಂದು ಗಂಡನ ಹೆಸರು. ಇನ್ನೊಂದು ಗಂಡನ ಅಜ್ಜನ ಹೆಸರು. ಮತ್ತೊಂದೂ ಗಂಡನದೇ. ಮೂರರಲ್ಲಿ ಒಂದನ್ನೂ ಅವಳು ಜೀವಮಾನದಲ್ಲಿ ಬಾಯಿಂದ ಆಡಿರಲಿಲ್ಲ.

“ಹೆಂಗ ಅನ್ಲಿ ಯವ್ವಾ?”

“ಅನ್ನು ಬೇ ಅಕ್ಕಾ, ನೌಕರಿ ಹೋಗ್ತದ!” ಪಂಪಾಪತಿ.

“ಬರೀತೀಯೇನವ್ವಾ?” ಮೇಡಂ.

“ನಾ ಸಾಲಿಗೆ ಹೋಗಿಲ್ರಿ.”

ಬಂಡೆಮ್ಮನ ತುಟಿ ಒಂದು ಸಲ ಅಲುಗಿತು, ಮತ್ತೆ ಸೆರಗಿನಲ್ಲಿ ಮುಚ್ಚಿಕೊಂಡಿತು. ಗುರುಸಿದ್ದ ತಡೆಯಲಾರದೆ, “ಬಿಡ್ರಿ ಮೇಡಂ, ಆಕಿಗೆ ಆಗಂಗಿಲ್ಲ,” ಎಂದ.

ಮೇಡಂ ಫೈಲು ಮುಚ್ಚಿದರು. ಕೋಪವಿರಲಿಲ್ಲ. “ಆಕಿ ಹೇಳಿದ್ರೂ ನನಗ ಬರಿಯಾಕ ಬರ್ತಿರಲಿಲ್ಲ ಗುರುಸಿದ್ದ. ಹೆಚ್ಚುವರಿ ಇಬ್ಬರನ್ನ ಹುಡುಕಿ ಖಾಲಿ ಜಾಗಾ ತುಂಬೀವಿ ಅಂತ ರಿಪೋರ್ಟ್ ದೆಹಲಿಗೆ ಹೋಗಿ ಮುಟ್ಟ್ಯದ. ಈಗ ಇಲ್ಲಿ ಒಬ್ಬನ ಅದಾನ ಅಂದ್ರ ಮೊದಲು ನಿನ್ನ ನೌಕರಿ ಹೋಗ್ತದ, ಆಮ್ಯಾಲ ನಂದು. ಆ ಇಬ್ಬರೂ ಹೇಳದ ಕೇಳದ ಓಡಿಹೋದ್ರು ಅಂತ ಬರಿ. ನೀನ ಬರಿ, ನನಗ ಬರಿಯೋ ಗುಮಾಸ್ತ ಇಲ್ಲ.”

ಗುರುಸಿದ್ದ ಪೆನ್ನು ತೆಗೆದುಕೊಂಡ. ‘ಶ್ರೀ ಬಸವಲಿಂಗ ಇವರು ಬೇಜವಾಬ್ದಾರಿಯಿಂದ’ ಎನ್ನುವಷ್ಟರಲ್ಲಿ ಬಂಡೆಮ್ಮ ಎದ್ದು ನಿಂತಳು.

“ಅಜ್ಜಾರು ಓಡಿಹೋದ್ರು ಅಂತ ಬರೀಬ್ಯಾಡ್ರಿ! ಊರ ಗೌಡಗ ಹೆದರಿದವರಲ್ಲ ಅವರು!”

ಮೇಡಂ ಫೋಟೋ ನೋಡಿದರು. ಸವಿತಾಳ ವರದಿ ತಿರುವಿದರು. “ಆತವ್ವಾ. ಇವರು ತೀರಿಕೊಂಡ್ರು ಅಂತ ಬರೀಲಿ, ದಾಖಲೆ ಅದ. ಇನ್ನೊಬ್ಬ ಓಡಿಹೋಗಲಿ.”

ಬಂಡೆಮ್ಮ ಕುಳಿತಳು. ಗುರುಸಿದ್ದ ಬರೆದ. ಅಜ್ಜ ಎರಡನೆಯ ಸಲ ತೀರಿಕೊಂಡ, ದೊಡ್ಡಪ್ಪ ಓಡಿಹೋದ. ‘ನಾನು ಎಷ್ಟೋ ಬುದ್ಧಿ ಹೇಳಿದೆ’ ಎಂಬ ಸಾಲನ್ನು ಅವನೇ ಸೇರಿಸಿದ.

ಪಂಪಾಪತಿಗೆ ಒಂದು ಆಸೆ ಹುಟ್ಟಿತು. “ಮೇಡಂ, ಸತ್ತವರ ನೌಕರಿ ಮನಿಯವರಿಗೆ ಬರ್ತದಲ್ರಿ?”

“ಹುದ್ದೆನೂ ಸತ್ತದಪ್ಪಾ.”

“ಹಂಗಾದ್ರ ನನ್ನ ಅರ್ಜಿರೀ?” ಗುರುಸಿದ್ದ ಕೇಳಿದ. “ಒಬ್ಬ ಮನಷ್ಯಾ. ಹತ್ತು ದಿನ. ಮೊಣಕಾಲು…”

ಮೇಡಂ ತಮ್ಮ ಕಾಲುಗಳ ಕಡೆ ನೋಡಿಕೊಂಡರು. ಅವೂ ಊದಿದ್ದವು. “ಹೆಂಗ ಕೊಡ್ಲಿ ಗುರುಸಿದ್ದ? ಫೈಲಿನಾಗ ನೋಡಿದ್ರ, ನಿನ್ನ ಕೈಯಾಗಿದ್ದ ಇಬ್ಬರಾಗ ಒಬ್ಬ ಸತ್ತ, ಒಬ್ಬ ಓಡಿಹೋದ. ಮೂರನೇದವನ್ನ ಯಾರು ಕಳಸ್ತಾರ?”

ಗುರುಸಿದ್ದನ ನೌಕರಿ ಉಳಿಯಿತು, ಅಷ್ಟೇ.

ಸಂಜೆಯ ಬಸ್ಸು ಪರಮಣ್ಣನ ಅಂಗಡಿಯ ಮುಂದೆ ನಿಂತಿತ್ತು. ಕಂಡಕ್ಟರ್ ಇಲ್ಲದ ಬಸ್ಸು. ಟಿಕೆಟು ಹರಿಯುವವನೂ ಓಡಿಸುವವನೂ ಒಬ್ಬನೇ, ಅವನು ಚಹಾ ಕುಡಿಯುತ್ತಿದ್ದ. ಗುರುಸಿದ್ದ ಪಡಸಾಲೆಯಲ್ಲಿ ಚೀಲ ಕಟ್ಟಿ ಮೇಜಿನ ಮೇಲಿಟ್ಟ. ಎದ್ದು, ಮೇಜು ಸುತ್ತಲು ಹೊರಟು, ಅರ್ಧಕ್ಕೆ ನಿಂತ. ಆಚೆ ಕಡೆಯ ಇಬ್ಬರೂ ಈಗ ಇರಲಿಲ್ಲ. ಸುತ್ತದೆ, ಇದ್ದಲ್ಲಿಂದಲೇ ಚೀಲ ಎತ್ತಿಕೊಂಡು ಕುಂಟುತ್ತ ಬಸ್ಸಿಗೆ ಹೋದ.

ಮೇಡಂ ಕಿಟಕಿಯ ಪಕ್ಕ ಕುಳಿತಿದ್ದರು. ತೊಡೆಯ ಮೇಲೆ ಮೂರು ಫೈಲು, ತಲೆ ಕಂಬಿಗೆ ಒರಗಿತ್ತು. ಗುರುಸಿದ್ದ ಚೀಲವನ್ನು ಮುಂದಿನ ಸೀಟಿನ ಕೆಳಗೆ ಇಟ್ಟು, ಇಳಿದು, ಕಿಟಕಿಯ ಕೆಳಗೆ ಬಂದು ನಿಂತ. ಅಂಗಿಯ ಜೇಬಿನಲ್ಲಿ ಹತ್ತನೇ ಅರ್ಜಿ ಇತ್ತು. ಅದನ್ನು ತೆಗೆದು ಕಂಬಿಯ ಸಂದಿಯಿಂದ ಫೈಲುಗಳ ಮೇಲೆ ಮೆಲ್ಲಗೆ ಇಟ್ಟ.

“ಮೇಡಂ.”

ಮೇಡಂ ನಿದ್ದೆ ಹೋಗಿದ್ದರು. ಡ್ರೈವರು ಚಹಾದ ಲೋಟ ಇಟ್ಟು ಬಂದು ಗಾಡಿ ಚಾಲೂ ಮಾಡಿದ. ಕಿಟಕಿಗಳೆಲ್ಲ ಗಡಗಡ ನಡುಗಿದವು. ಗುರುಸಿದ್ದ ಒಂದು ಕೈಯಿಂದ ಕಂಬಿ ಹಿಡಿದುಕೊಂಡ.

“ಒಬ್ಬ ಮನಷ್ಯಾನ್ನ ಕಳಸ್ರಿ ಮೇಡಂ. ಹತ್ತು ದಿನ ಸಾಕ್ರಿ.”